ನಾಲ್ಕು ಕಾಲಿದ್ದರೆ ಸಾಲದು, ಸರದಿ ಬೇಕು

ಈ ಸಂಚಿಕೆ ಒಂದು ಆಟಿಕೆ ಬಗ್ಗೆ. ಪ್ಲಾಸ್ಟಿಕ್ ಇಟ್ಟಿಗೆ ತುಂಡು ಒಂದಕ್ಕೊಂದು ಸಿಕ್ಕಿಸಿ, ಮೋಟಾರ್ ಜೋಡಿಸಿ, ನಾಲ್ಕು ಕಾಲಿನ ಪ್ರಾಣಿಯನ್ನು ನಡೆಸೋ ವಿಡಿಯೋ ನೀವೂ ನೋಡಿರ್ತೀರಿ. ನಾನು ಓದಿದ್ದು ಬಿ.ಕಾಂ., ಎಂಜಿನಿಯರ್ ಅಲ್ಲ. ಆದರೆ ಈ ಆಟಿಕೆಯ ಹಿಂದೆ ದೊಡ್ಡ ಇತಿಹಾಸ ಅದ. ಕೊನೆಗೆ ಒಂದು ಲೆಕ್ಕಪತ್ರದ ಪ್ರಶ್ನೆನೂ ಅದ.

ಸುರಪುರ ತಾಲ್ಲೂಕಿನ ನಮ್ಮ ದೇವಾಪುರದಿಂದಲೇ ಶುರು ಮಾಡೋಣ. ನಮ್ಮ ಭಾಗದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತಂದ್ರ ಮಣ್ಣು ಕಲಸಿ ಜೋಡೆತ್ತು ಮಾಡ್ತಾರ. ಆ ಎತ್ತಿನ ಕಾಲು ನೋಡೀರೇನು? ದಪ್ಪ, ಮೋಟು. ಸಣ್ಣಗ ಮಾಡಿದ್ರ ಮೈಭಾರಕ್ಕೆ ಕುಸೀತದ. ಅಂದ್ರ ಪ್ರಾಣಿ ಮಾಡೋರಿಗೆ ನಿಲ್ಲಿಸೋದೇ ಮೊದಲ ಸಮಸ್ಯೆ. ನಡೆಸೋದು ಆಮೇಲಿನ ಮಾತು.

ಕರ್ನಾಟಕದ ಅತಿ ಪ್ರಸಿದ್ಧ ಯಂತ್ರಪ್ರಾಣಿ ಟಿಪ್ಪುವಿನ ಹುಲಿ. 1790ರ ದಶಕದ್ದು, ಮರದ್ದು. ಬಿದ್ದಿರೋ ಯುರೋಪಿಯನ್ ಮನುಷ್ಯನ ಮೇಲೆ ಹುಲಿ ಎರಗಿ ನಿಂತದ. ಹಿಡಿಕೆ ತಿರುವಿದ್ರ ಆ ಮನುಷ್ಯನ ಕೈ ಏಳ್ತದ, ನರಳಾಟ ಕೇಳ್ತದ, ಹುಲಿ ಗುರ್ ಅಂತದ. ಒಳಗೆ ಒಂದು ಸಣ್ಣ ಆರ್ಗನ್ ವಾದ್ಯನೂ ಅದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದನ್ನು ಒಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅದ. ಇಷ್ಟೆಲ್ಲ ಮಾಡೋ ಹುಲಿಯ ಕಾಲು ಮಾತ್ರ ಅಲುಗಾಡೋದಿಲ್ಲ.

ಯಾಕಂದ್ರ ಪ್ರಾಣಿ ಯಾವ ಕಾಲನ್ನು ಯಾವಾಗ ಎತ್ತುತ್ತದ ಅನ್ನೋದು ಬರಿಗಣ್ಣಿಗೆ ಸರಿಯಾಗಿ ಸಿಗೋದಿಲ್ಲ. ಯುರೋಪಿನ ದೊಡ್ಡ ದೊಡ್ಡ ಚಿತ್ರಕಾರರು ಓಡೋ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಬರೀತಿದ್ರು. ಅದು ತಪ್ಪು ಅಂತ ಗೊತ್ತಾಗಿದ್ದು 1878ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನೋ ಛಾಯಾಗ್ರಾಹಕ 12 ಕ್ಯಾಮೆರಾ ಸಾಲಾಗಿ ಇಟ್ಟು ಓಡೋ ಕುದುರೆಯ ಚಿತ್ರ ತೆಗೆದ. ಒಂದು ಗಳಿಗೆ ನಾಲ್ಕೂ ಕಾಲು ನೆಲ ಬಿಟ್ಟಿರ್ತಾವ ಅಂತ ತೋರಿಸಿದ. ಆದರೆ ಆಗ ಕಾಲು ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮಡಚಿದ್ದವು.

ಅದೇ ವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ರಷ್ಯಾದ ಗಣಿತಜ್ಞ ಚೆಬಿಶೇವ್ ತಯಾರಿಸಿದ ನಾಲ್ಕು ಕಾಲಿನ ನಡೆಯೋ ಯಂತ್ರ ಇತ್ತು. ಅದರ ಗುಟ್ಟು ಸರಳ. ತಿರುಗೋ ಹಿಡಿಕೆಗೆ ಕಡ್ಡಿಗಳನ್ನು ಲೆಕ್ಕ ಹಾಕಿ ಜೋಡಿಸಿದ್ರ, ಪಾದ ಕೆಳಗಿದ್ದಾಗ ನೇರವಾಗಿ ಹಿಂದಕ್ಕೆ ಸರೀತದ, ಆಮೇಲೆ ಮೇಲೆದ್ದು ಕಮಾನಿನ ಹಂಗ ಮುಂದಕ್ಕೆ ಬರ್ತದ. ತಿರುಗೋ ಚಲನೆ ನಡಿಗೆ ಆಗ್ತದ.

ಇವತ್ತು ಇಟ್ಟಿಗೆ ತುಂಡಿನ ಪ್ರಾಣಿ ಮಾಡೋರು ಬಳಸೋದೂ ಇದೇ ತತ್ವ. ಮೋಟಾರ್ ಬಹಳ ಜೋರಾಗಿ ತಿರುಗ್ತದ. ಸಣ್ಣ ಗಿಯರ್‌ನಿಂದ ದೊಡ್ಡ ಗಿಯರ್ ತಿರುಗಿಸಿದ್ರ ವೇಗ ಇಳೀತದ, ಬಲ ಏರ್ತದ. ಮುಂದೆ ಸರದಿಯ ಪ್ರಶ್ನೆ. ಸೈಕಲ್ ಪೆಡಲ್ ನೆನಪು ಮಾಡ್ಕೊಳ್ರಿ: ಒಂದು ಮೇಲಿದ್ದಾಗ ಇನ್ನೊಂದು ಕೆಳಗ. ಹಂಗೇ ಎಡ ಮುಂಗಾಲಿನ ಜೊತೆ ಬಲ ಹಿಂಗಾಲು ಎದ್ದರೆ, ಉಳಿದ ಎರಡು ನೆಲದ ಮೇಲಿರಬೇಕು. ಇದು ಕುದುರೆಯ ದುಡುಕಿ ಓಟ. ನಿಧಾನ ನಡಿಗೆ ಬೇಕಂದ್ರ ಒಂದೊಂದೇ ಕಾಲು ಎತ್ತಬೇಕು, ಮೈಭಾರ ಉಳಿದ ಮೂರು ಕಾಲಿನ ನಡುವಿನ ತ್ರಿಕೋನದೊಳಗ ಇರಬೇಕು. ಭಾರ ಆಚೆ ಹೋಯ್ತು, ಪ್ರಾಣಿ ಬಿತ್ತು.

ಲೆಗೊ ಕಂಪನಿ 1998ರಲ್ಲಿ ಮೈಂಡ್‌ಸ್ಟಾರ್ಮ್ಸ್ ಅನ್ನೋ ರೋಬೊ ಕಿಟ್ ತಂತು. ಮಕ್ಕಳು ಕೈಯಾರೆ ಮಾಡ್ತಾ ಕಲೀತಾರ ಅಂತ ವಾದಿಸಿದ ಸೆಮೂರ್ ಪ್ಯಾಪರ್ಟ್ 1980ರಲ್ಲಿ ಬರೆದ ಪುಸ್ತಕದಿಂದ ಬಂದ ಹೆಸರು ಅದು. 2020ರ ಕಿಟ್‌ನಲ್ಲಿ 949 ತುಂಡು, ನಾಲ್ಕು ಮೋಟಾರ್ ಇದ್ದವು. ಅದರಿಂದ ಕಟ್ಟೋ ನಾಲ್ಕು ಕಾಲಿನ ರೋಬೊ ಹೆಸರು ಗೆಲೋ. ಕೇಳಿದ್ರ ಕನ್ನಡದ್ದೇ ಅನಿಸ್ತದ! 2022ರ ಕೊನೆಗೆ ಕಂಪನಿ ಮೈಂಡ್‌ಸ್ಟಾರ್ಮ್ಸ್ ನಿಲ್ಲಿಸಿತು.

ನಮ್ಮ ರಾಜ್ಯದಲ್ಲೂ ನಾಲ್ಕು ಕಾಲಿನ ರೋಬೊ ನಡೆದದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಕಟ್ಟಿದ ಅದರ ಹೆಸರು ಸ್ಟಾಕ್. 2019ರ ಹೊತ್ತಿಗೆ ಅದು ದುಡುಕಿ ಓಡ್ತಿತ್ತು, ಜಿಗೀತಿತ್ತು, ತಿರುಗೋದನ್ನೂ ಕಲೀತಿತ್ತು. ನನಗೆ ಹಿಡಿಸಿದ್ದು ಅದಲ್ಲ. ಬೇಗ ತಯಾರಿಸೋಕೆ, ಮುರಿದ್ರ ರಿಪೇರಿ ಮಾಡೋಕೆ ಆಗಬೇಕು ಅಂತ ಮೊದಲೇ ಯೋಚಿಸಿ ಕಟ್ಟಿದ್ರು. ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚಾದ ಭಾಗ ಹೋದ್ರ ಇನ್ನೊಂದು ಅಚ್ಚು ಹಾಕಬಹುದು. ಬೀಳ್ತದ ಅಂತ ಒಪ್ಪಿಕೊಂಡೇ ಕೆಲಸ ಶುರು ಮಾಡಿದ್ರು.

ಈಗ ಲೆಕ್ಕಪತ್ರದ ಪ್ರಶ್ನೆ. 6ರಿಂದ 12ನೇ ತರಗತಿ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಅದ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಒಳ್ಳೇದು. ಆದರೆ ನಾನು ನೋಡಿದ ಒಂದು ಶಾಲೆಯಲ್ಲಿ ರೋಬೊ ಕಿಟ್ ಬೀರುವಿನೊಳಗ ಇತ್ತು, ಕೀಲಿ ಹಾಕಿ. ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದಷ್ಟು ತುಂಡು ಅಲ್ಲಿರಬೇಕು, ಒಂದು ಕಳೆದ್ರ ಉತ್ತರ ಕೊಡೋರು ಸರ್. ಅವರನ್ನು ಬೈಯೋಕೆ ಮನಸ್ಸಾಗಲಿಲ್ಲ. ರಿಜಿಸ್ಟರ್ ಏನು ಅಂತ ಕಾಮರ್ಸ್‌ನವನಿಗೆ ಗೊತ್ತು. ಆದರೆ ರಿಜಿಸ್ಟರ್‌ನಲ್ಲಿ ಒಂದು ಕಲಂ ಕಡಿಮೆ ಅದ: ಕಲಿಯುವಾಗ ಕಳೆದದ್ದು, ಮುರಿದದ್ದು. ಸೀಮೆಸುಣ್ಣ ಸವೆದ್ರ ನಾವು ಸರ್‌ನ ಕೇಳ್ತೀವೇನು?

ಮುಖ್ಯಗುರುಗಳೇ, ಎಸ್‌ಡಿಎಂಸಿ ಸದಸ್ಯರೇ, ಮುಂದಿನ ಸಭೆಯಲ್ಲಿ ಆ ಒಂದು ಕಲಂ ಬಗ್ಗೆ ಮಾತಾಡ್ರಿ. ಕಿಟ್ ಇಲ್ಲದ ಊರಿನ ಹುಡುಗ್ರು, ಹುಡುಗಿಯರು ಕಾಯಬ್ಯಾಡ್ರಿ. ದಪ್ಪ ರಟ್ಟು, ಬಿದಿರು ಕಡ್ಡಿ, ಗುಂಡುಸೂಜಿ, ಕೆಟ್ಟ ಆಟಿಕೆ ಕಾರಿನ ಮೋಟಾರ್, ಅದರದ್ದೇ ಗಿಯರ್, ಎರಡು ಸೆಲ್ ಸಾಕು. ಮೊದಲ ಸಲ ಬೀಳ್ತದ. ಯಾವ ಕಾಲು ತಡವಾಗಿ ಎದ್ದಿತು ಅಂತ ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡ್ರಿ. ಮೈಬ್ರಿಜ್‌ಗೆ ಅದಕ್ಕ 12 ಕ್ಯಾಮೆರಾ ಬೇಕಾಗಿದ್ದವು.

ಮುಂದಿನ ವಾರ ಸಿಗೋಣ್ರಿ.