ತೂಕ ನೋಡಲು ಬಂದ ಜಲಾಂತರ್ಗಾಮಿ

ನೊಯ್ಯಲ್ ನದಿಯ ನೀರುಂಡು ಬೆಳೆದ ತೊಂಡಾಮುತ್ತೂರಿನ ನಮಗೆ ಕಡಲು ದೂರದ ಮಾತು. ವೆಳ್ಳಿಯಂಗಿರಿ ಬೆಟ್ಟದಾಚೆ ಕೇರಳ, ಅದರಾಚೆಗೆ ಸಮುದ್ರ. ಆದರೂ ಕಡಲಿನೊಳಗೆ ಮುಳುಗಿ ಭೂಮಿಯನ್ನೇ ತೂಗಿದ ಯುದ್ಧನೌಕೆಯೊಂದರ ಚರಿತ್ರೆಯನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಅದರ ಮುಂದಿನ ಅಧ್ಯಾಯ ಬರೆದವರು ಬೆಂಗಳೂರಿನಲ್ಲಿದ್ದಾರೆ.

1934ರ ನವೆಂಬರ್ 14ರಂದು ಹಾಲೆಂಡಿನ ಡೆನ್ ಹೆಲ್ಡರ್ ಬಂದರಿನಿಂದ ಕೆ-18 ಎಂಬ ಜಲಾಂತರ್ಗಾಮಿ ಹೊರಟಿತು. ಉದ್ದ ಸುಮಾರು 74 ಮೀಟರ್. ತಲುಪಬೇಕಾದದ್ದು ಜಾವಾದ ಸುರಬಾಯ. ಸೂಯೆಜ್ ಕಾಲುವೆಯ ಹತ್ತಿರದ ದಾರಿಯನ್ನು ಬಿಟ್ಟು ಬ್ಯೂನಸ್ ಐರಿಸ್, ಕೇಪ್‌ಟೌನ್, ಮಾರಿಷಸ್, ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರುಗಳನ್ನು ಸುತ್ತಿ, ಎಂಟು ತಿಂಗಳ ಬಳಿಕ, 1935ರ ಜುಲೈಯಲ್ಲಿ ಅದು ಗುರಿ ಮುಟ್ಟಿತು. ವಸಾಹತನ್ನು ಕಾಯಲು ಹೊರಟ ಹಡಗು ಇಷ್ಟು ಬಳಸಿ ಬಂದದ್ದೇಕೆ?

ಒಳಗಿದ್ದ ಪ್ರಾಧ್ಯಾಪಕ ವೆನಿಂಗ್ ಮೈನೆಸ್ ಅವರಿಗಾಗಿ. ಎರಡು ಮೀಟರಿಗೂ ಮೀರಿದ ಎತ್ತರದ ಆ ಮನುಷ್ಯ ಅಂತಹ ಇಕ್ಕಟ್ಟಿನ ನೌಕೆಯಲ್ಲಿ ತಿಂಗಳುಗಟ್ಟಲೆ ಹೇಗೆ ಬಾಳಿದರೋ! ಗೋಡೆ ನೆಟ್ಟಗಿದೆಯೇ ಎಂದರಿಯಲು ಗೌಂಡಿ ತೂಗುಗುಂಡನ್ನು ಇಳಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥದೇ ಗುಂಡನ್ನು ಓಲಾಡಿಸಿ, ಒಂದು ಓಲಾಟದ ಕಾಲವನ್ನು ಸೂಕ್ಷ್ಮವಾಗಿ ಅಳೆದರೆ ಆ ಸ್ಥಳದ ಗುರುತ್ವ ತಿಳಿಯುತ್ತದೆ. ಅಲೆಗಳ ಮೇಲಿನ ಹಡಗಿನಲ್ಲಿ ಇದು ಅಸಾಧ್ಯ. ನೀರಿನಡಿಯಲ್ಲಿ ತೊನೆದಾಟ ಕಡಿಮೆ. ಹಾಲೆಂಡಿನ ಮೆತ್ತನೆಯ ನೆಲವೇ ನಡುಗುತ್ತಿದ್ದುದರಿಂದ, ಎರಡು ಲೋಲಕಗಳನ್ನು ಎದುರುಬದುರಾಗಿ ಓಲಾಡಿಸಿ ಆ ಅಲುಗಾಟವನ್ನು ಕಳೆಯುವ ಉಪಾಯವನ್ನು ಅವರು ಮೊದಲೇ ಕಂಡುಕೊಂಡಿದ್ದರು. 1923ರಲ್ಲಿಯೇ ಕೆ-2 ಎಂಬ ನೌಕೆಯಲ್ಲಿ ಅದನ್ನು ಪರೀಕ್ಷಿಸಿಯೂ ಇದ್ದರು. ಜಾವಾದ ಕಡಲಕಂದಕದ ಉದ್ದಕ್ಕೂ ಗುರುತ್ವ ಕುಗ್ಗಿರುವ ಪಟ್ಟಿಯೊಂದು ಹೀಗೆ ಬೆಳಕಿಗೆ ಬಂದಿತು. ಕೊಲ್ಲಲೆಂದು ಕಟ್ಟಿದ ಯಂತ್ರದಿಂದ ಇಂತಹ ಕೆಲಸವೂ ಆಯಿತೆಂಬುದು ನನಗೆ ಇಂದಿಗೂ ಸೋಜಿಗವೇ. ಯುದ್ಧ ಅದನ್ನು ಬಿಡಲಿಲ್ಲ: 1942ರ ಮಾರ್ಚಿಯಲ್ಲಿ, ಜಪಾನೀಯರಿಗೆ ಸಿಗದಿರಲೆಂದು ಡಚ್ಚರೇ ಕೆ-18ನ್ನು ಸುರಬಾಯದಲ್ಲಿ ಮುಳುಗಿಸಿದರು.

ಶ್ರೀಲಂಕೆಯ ದಕ್ಷಿಣಕ್ಕೆ, ನಮ್ಮ ಕನ್ಯಾಕುಮಾರಿಗೆ ಅಷ್ಟೇನೂ ದೂರವಲ್ಲದ ಕಡಲಿನಲ್ಲಿ, ಗುರುತ್ವ ಬಹಳ ಕುಗ್ಗಿದೆ. ಭೂಮಿಯ ಆದರ್ಶಾಕೃತಿಗೆ ಹೋಲಿಸಿದರೆ ಅಲ್ಲಿ ಸಾಗರದ ಮಟ್ಟವೇ ಸುಮಾರು 106 ಮೀಟರ್ ತಗ್ಗು. ಆ ತಗ್ಗಿನ ಶೋಧದೊಂದಿಗೂ ಮೈನೆಸ್ ಅವರ ಹೆಸರು ಬೆಸೆದುಕೊಂಡಿದೆ. ಏಕೆ ತಗ್ಗು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ 2023ರಲ್ಲಿ ಒಂದು ಉತ್ತರ ಕೊಟ್ಟರು. ಭಾರತ ಉತ್ತರಕ್ಕೆ ಸರಿದಾಗ ಟೆಥಿಸ್ ಎಂಬ ಪುರಾತನ ಸಮುದ್ರದ ತಳ ಭೂಗರ್ಭಕ್ಕೆ ಜಾರಿ, ಆಫ್ರಿಕದಡಿಯ ಬಿಸಿರಾಶಿಯನ್ನು ಕದಡಿತು. ಅಲ್ಲಿಂದೆದ್ದ ಹಗುರವಾದ ಬಿಸಿ ಶಿಲಾದ್ರವ್ಯ ಹಿಂದೂ ಮಹಾಸಾಗರದ ಅಡಿಗೆ ಹರಿದು ಬಂದಿತು.