ಆಡೂರಿನ ಗದ್ದೆ, ಕುಸನೂರಿನ ನೀಲಗಿರಿ: ಎಲ್ಲರ ಸೊತ್ತಿನ ಅರ್ಥಶಾಸ್ತ್ರ

ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಕಾಲದ ಒಂದು ಶಾಸನವಿದೆ. ಊರಿನ ಗಾಮುಂಡರು (ಗೌಡರು) ಸೇರಿ ಜಿನಾಲಯಕ್ಕೆ ರಾಜಮಾನದ ಅಳತೆಯಲ್ಲಿ ಎಂಟು ಮತ್ತರು ಭತ್ತದ ಗದ್ದೆ ಬಿಟ್ಟ ಸಂಗತಿ ಅದರಲ್ಲಿದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ 19ನೇ ಶತಮಾನದಲ್ಲಿ ಅದನ್ನು ಓದಿ ಪ್ರಕಟಿಸಿದರು. ಇತಿಹಾಸಕಾರರು ಅಲ್ಲಿ ಅರಸರ ಹೆಸರನ್ನೂ ಲಿಪಿಯನ್ನೂ ಹುಡುಕಿದರು. ಅರ್ಥಶಾಸ್ತ್ರಜ್ಞರ ಕಣ್ಣಿಗೆ ಬೀಳಬೇಕಾದದ್ದು ಬೇರೆ: ಹತ್ತಾರು ಜನ ಬಳಸುವ ಒಂದು ತಾಣಕ್ಕೆ ಪ್ರತಿವರ್ಷ ತಗಲುವ ಖರ್ಚನ್ನು ಯಾರ ಕೈ ಕಾಯುವ ಅಗತ್ಯವೂ ಬಾರದಂತೆ ಒಂದು ಗದ್ದೆಯ ಇಳುವರಿಗೆ ಕಟ್ಟಿಹಾಕಿದ ಜಾಣತನ.

ಕನ್ನಡ ಶಾಸನಗಳಲ್ಲಿ ಈ ಜಾಣತನ ಕೆರೆಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ದತ್ತಿಗಳು ಕೆರೆ ಕಟ್ಟಿಸಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಸಲ್ಲುತ್ತಿದ್ದವು. ಕೊಡುತ್ತಿದ್ದುದು ಹೆಚ್ಚಾಗಿ ಅದೇ ಕೆರೆಯ ಅಚ್ಚುಕಟ್ಟಿನ ಭೂಮಿ, ಇಲ್ಲವೇ ಅದರ ಫಲದಲ್ಲೊಂದು ಪಾಲು. ಏರಿ ಒಡೆದರೆ ನೋಡಿಕೊಳ್ಳುವವನ ಗದ್ದೆಯೂ ಒಣಗುತ್ತದೆ. ಮೇಲ್ವಿಚಾರಕನನ್ನು ಮೇಲ್ವಿಚಾರಣೆ ಮಾಡಲು ಇನ್ನೊಬ್ಬ ಬೇಕಿಲ್ಲ.

ಎಲ್ಲರ ಕೆಲಸದ ಹೊರೆ ಯಾರು ಹೊರಬೇಕೆಂಬ ಇದೇ ಗಂಟನ್ನು ಯುರೋಪಿನಲ್ಲಿ ಮೊದಲು ಸ್ಪಷ್ಟವಾಗಿ ಹೆಸರಿಸಿದವರಲ್ಲಿ ಡೇವಿಡ್ ಹ್ಯೂಮ್ ಒಬ್ಬ. 1740ರಲ್ಲಿ ಆತ ಹೇಳಿದ್ದು ಇಷ್ಟು: ನೀರು ನಿಂತ ಹುಲ್ಲುಗಾವಲಿನಿಂದ ನೀರು ಹೊರಹಾಕಲು ಇಬ್ಬರು ನೆರೆಯವರು ಒಪ್ಪಬಲ್ಲರು, ಸಾವಿರ ಜನ ಒಪ್ಪುವುದು ಹೆಚ್ಚುಕಡಿಮೆ ಅಸಾಧ್ಯ, ಪ್ರತಿಯೊಬ್ಬನೂ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಲು ನೋಡುತ್ತಾನೆ. 1776ರಲ್ಲಿ ಆಡಂ ಸ್ಮಿತ್ ರಸ್ತೆ, ಸೇತುವೆ, ಬಂದರುಗಳಂಥ ಕಾಮಗಾರಿಗಳನ್ನು ರಾಜ್ಯದ ಕರ್ತವ್ಯಗಳ ಪಟ್ಟಿಗೆ ಸೇರಿಸಿದ. ಅಲ್ಲಿಂದ ಮುಂದೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅರ್ಥಶಾಸ್ತ್ರ ಸುತ್ತಿದ್ದು ಒಂದೇ ಪ್ರಶ್ನೆಯ ಸುತ್ತ: ದುಡ್ಡು ಕೊಡುವವರು ಯಾರು?

1954ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಮೂರೇ ಪುಟಗಳ ಲೇಖನವೊಂದರಲ್ಲಿ ಆ ಪ್ರಶ್ನೆಗೆ ಗಣಿತದ ರೂಪ ಕೊಟ್ಟರು. ಒಬ್ಬ ಬಳಸಿದ್ದರಿಂದ ಇನ್ನೊಬ್ಬನಿಗೆ ಕಡಿಮೆಯಾಗದ ಸರಕಿಗೆ ಮಾರುಕಟ್ಟೆಯಲ್ಲಿ ಸರಿಯಾದ ಬೆಲೆ ಹುಟ್ಟುವುದಿಲ್ಲ. ತನಗೆ ಅದರಿಂದ ಎಷ್ಟು ಲಾಭ ಎಂದು ನಿಜ ಹೇಳುವುದು ಯಾರಿಗೂ ಗಿಟ್ಟುವುದಿಲ್ಲ. 1965ರಲ್ಲಿ ಮ್ಯಾಂಕರ್ ಓಲ್ಸನ್ ಇದನ್ನು ಸಂಘ-ಸಂಸ್ಥೆಗಳಿಗೂ ವಿಸ್ತರಿಸಿ, ಗುಂಪು ದೊಡ್ಡದಾದಷ್ಟೂ ಪುಕ್ಕಟೆ ಉಣ್ಣುವವರು ಹೆಚ್ಚುತ್ತಾರೆ ಎಂದರು.

ಆದರೆ ಕೆರೆ, ಕಾಡು, ಗಾಯರಾಣ (ಗೋಮಾಳ), ಮೀನು ಆ ಗಣಿತಕ್ಕೆ ಪೂರ್ತಿ ಹೊಂದುವುದಿಲ್ಲ. ಬೀದಿದೀಪದ ಬೆಳಕು ಎಷ್ಟು ಜನ ನಡೆದರೂ ಕಡಿಮೆಯಾಗುವುದಿಲ್ಲ. ಕೆರೆಯ ನೀರು ಹಾಗಲ್ಲ: ಎಲ್ಲರಿಗೂ ತೆರೆದಿರುತ್ತದೆ, ಬಳಸಿದಷ್ಟು ತೀರುತ್ತದೆ. ಈ ಎರಡನೆಯ ಬಗೆಯನ್ನು ಅದೇ 1954ರಲ್ಲಿ ಎಚ್. ಸ್ಕಾಟ್ ಗಾರ್ಡನ್ ಸಮುದ್ರದ ಮೀನುಗಾರಿಕೆಯ ಮೂಲಕ ವಿವರಿಸಿದರು. ಹೆಸರು ಮಾಡಿದ್ದು ಮಾತ್ರ ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್. 1968ರ ಅವರ ಲೇಖನದಲ್ಲಿ ಎಲ್ಲರಿಗೂ ತೆರೆದ ಒಂದು ಹುಲ್ಲುಗಾವಲಿದೆ. ಪ್ರತಿ ದನಗಾಹಿಯೂ ಇನ್ನೊಂದು ದನ ಬಿಡುತ್ತಾನೆ, ಲಾಭ ಅವನಿಗೆ, ನಷ್ಟ ಎಲ್ಲರಿಗೂ ಹಂಚಿಕೆ, ಕೊನೆಗೆ ಹುಲ್ಲೇ ಇಲ್ಲ. ಪರಿಹಾರ ಎರಡೇ: ಖಾಸಗಿ ಒಡೆತನ ಅಥವಾ ಸರಕಾರದ ಹಿಡಿತ.

ಆ ದನಗಾಹಿಗಳು ಒಬ್ಬರೊಡನೊಬ್ಬರು ಮಾತಾಡುವುದೇ ಇಲ್ಲ ಎಂಬುದು ಈ ಕಥೆಯ ವಿಚಿತ್ರ. ಸಂಜೆ ಕಟ್ಟೆಯ ಮೇಲೆ ಕೂಡುವ, ಬೇರೆ ಊರಿನ ದನ ನುಗ್ಗಿದರೆ ದೊಡ್ಡಿಗೆ ಹಾಕುವ ಯಾವ ಹಳ್ಳಿಯನ್ನೂ ಹಾರ್ಡಿನ್ ನೋಡಿ ಬರೆದದ್ದಲ್ಲ. ಒಡೆಯರಿಲ್ಲದ ನೆಲ ಬೇರೆ, ಊರಿನವರೆಲ್ಲ ಒಡೆಯರಾದ ನೆಲ ಬೇರೆ ಎಂದು ಸಿರಿಯಾಸಿ-ವಾಂಟ್ರುಪ್ ಮತ್ತು ಬಿಷಪ್ 1975ರಲ್ಲೇ ತಿದ್ದಿದರು. ಹಾರ್ಡಿನ್ ಕೂಡ 1990ರ ದಶಕದಲ್ಲಿ, ತಾನು ಹೇಳಿದ್ದು ನಿರ್ವಹಣೆಯಿಲ್ಲದ ಸಾಮೂಹಿಕ ಸೊತ್ತಿನ ಬಗ್ಗೆ ಎಂದು ಮಾತು ಬಿಗಿಗೊಳಿಸಿದರು. ಅಷ್ಟು ಹೊತ್ತಿಗೆ ಅವರ ಉಪಮೆ ಎಷ್ಟೋ ದೇಶಗಳ ಸರಕಾರಿ ಕಡತಗಳೊಳಗೆ ಸೇರಿಯಾಗಿತ್ತು.

ಹಾನಗಲ್ ಸೀಮೆಯಲ್ಲಿ ಆ ಆಲೋಚನೆಗೆ ಸಿಕ್ಕ ರೂಪ ನೀಲಗಿರಿ ತೋಪು.

ಕಂದಾಯ ದಾಖಲೆಗಳಲ್ಲಿ 'ಸಿ ಮತ್ತು ಡಿ ದರ್ಜೆ' ಎಂದು ಬರೆದ ಭೂಮಿ ಸಾಗುವಳಿಗೆ ಯೋಗ್ಯವಲ್ಲದ್ದು ಎಂದು ಲೆಕ್ಕ. ಊರಿನ ಲೆಕ್ಕದಲ್ಲಿ ಅದೇ ನೆಲ ದನ ಮೇಯುವ ಜಾಗ, ಸೌದೆ, ಕಸಬರಿಗೆಯ ಹುಲ್ಲು, ಹಣ್ಣು, ಔಷಧಿ ಬೇರುಗಳ ಜಾಗ. ಹೊಲವಿಲ್ಲದವರಿಗೆ ಇರುವ ಒಂದೇ ಹೊಲ. 1984ರಲ್ಲಿ ರಾಜ್ಯ ಸರಕಾರ ಹರಿಹರ ಪಾಲಿಫೈಬರ್ಸ್ ಜತೆಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿತು. ಇಂಥ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಆಗಿನ ಧಾರವಾಡ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಅದಕ್ಕೆ ಗುತ್ತಿಗೆಗೆ ಕೊಟ್ಟು, ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಅದು. ನೀಲಗಿರಿ ಸೊಪ್ಪನ್ನು ದನ ಮೂಸಿಯೂ ನೋಡುವುದಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮತ್ತು ಅದರ ಮುಖಂಡ ಎಸ್.ಆರ್. ಹಿರೇಮಠ ಇದರ ವಿರುದ್ಧ ಎರಡು ಕಡೆ ಹೋರಾಡಿದರು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ರಿಟ್ ಅರ್ಜಿಯಲ್ಲಿ ಶಿವರಾಮ ಕಾರಂತರೂ ಅರ್ಜಿದಾರರು. 1987ರ ಮಾರ್ಚ್‌ನಲ್ಲಿ ಭೂಮಿ ಹಸ್ತಾಂತರ ಮುಂದುವರಿಯದಂತೆ ನ್ಯಾಯಾಲಯ ತಡೆ ಕೊಟ್ಟಿತು. ಇನ್ನೊಂದು ಕಡೆ ನೆಲದ ಮೇಲಿನದು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಅದಕ್ಕೆ ನಾಲ್ಕು ವರ್ಷ ಹಿಂದೆ ಪಕ್ಕದ ಶಿರಸಿ ಸೀಮೆಯಲ್ಲಿ ಅಪ್ಪಿಕೋ ಚಳವಳಿ ಮರ ತಬ್ಬಿ ಉಳಿಸಿತ್ತು. ಇಲ್ಲಿ ಮರ ಕೀಳುವುದೇ ನೆಲ ಉಳಿಸುವ ದಾರಿಯಾಯಿತು. 1991ರಲ್ಲಿ ಸರಕಾರ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

ಹಾರ್ಡಿನ್ನರ ಕಥೆಗೂ ಕುಸನೂರಿಗೂ ಇರುವ ಅಂತರ ದೊಡ್ಡದು. ಇಲ್ಲಿ ಗಾಯರಾಣಕ್ಕೆ ಅಪಾಯ ಬಂದದ್ದು ಒಂದು ದನ ಹೆಚ್ಚಿಗೆ ಬಿಟ್ಟ ರೈತನಿಂದಲ್ಲ. ಎರಡು ಅಕ್ಷರಗಳ ದರ್ಜೆಯಿಂದ, ಒಂದು ಗುತ್ತಿಗೆ ಪತ್ರದಿಂದ. ಆ ನೆಲದ ನಿಯಮ ಬರೆಯುವವರು ಬೆಂಗಳೂರಿನಲ್ಲಿ, ಅದರ ಮೇಲೆ ಬದುಕುವವರು ಕುಸನೂರಿನಲ್ಲಿ. ಈ ಸೀಮೆಯ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಸಾಮೂಹಿಕ ಸೊತ್ತು ಕೆಡುವುದು ಒಡೆಯನಿಲ್ಲದ್ದಕ್ಕಿಂತ ಹೆಚ್ಚಾಗಿ ಈ ಇಬ್ಬರು ಬೇರೆಯಾದಾಗ ಎನಿಸುತ್ತದೆ.

ಕುಸನೂರಿನ ಜನ ಕಂಪನಿಯ ಎದುರು ನಿಂತ ಹೊತ್ತಿಗೇ ವಿದ್ವಾಂಸರೂ ಹಳ್ಳಿಗಳಿಗೆ ಇಳಿದಿದ್ದರು. ಎನ್.ಎಸ್. ಜೋಧಾ 1986ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತದ ಒಣ ಪ್ರದೇಶಗಳ 80ಕ್ಕೂ ಹೆಚ್ಚು ಹಳ್ಳಿಗಳದ್ದು, ಕರ್ನಾಟಕದವೂ ಅದರಲ್ಲಿದ್ದವು. ಬಡ ಕುಟುಂಬಗಳ ಸೌದೆ, ಮೇವಿನ ಬಹುಪಾಲು ಊರೊಟ್ಟಿನ ನೆಲದಿಂದಲೇ ಬರುತ್ತದೆಂದೂ, 1950ರ ದಶಕದ ಮೊದಲಿನಿಂದ ಅಂಥ ನೆಲ ಭಾರಿ ಪ್ರಮಾಣದಲ್ಲಿ ಕರಗಿದೆಯೆಂದೂ ಅವರು ಲೆಕ್ಕಹಾಕಿ ತೋರಿಸಿದರು. ಬಡವರಿಗೆಂದು ಹಂಚಿದ ಭೂಮಿಯಲ್ಲೂ ದೊಡ್ಡ ಪಾಲು ಉಳ್ಳವರ ಕೈ ಸೇರಿತ್ತು.

1988ರಲ್ಲಿ ರಾಬರ್ಟ್ ವೇಡ್ ಬರೆದದ್ದು ಬಳ್ಳಾರಿಯ ಮಗ್ಗುಲಿನ ಕರ್ನೂಲು ಜಿಲ್ಲೆಯ ಕಾಲುವೆ ಹಳ್ಳಿಗಳ ಮೇಲೆ. ಕೆಲವು ಊರುಗಳು ತಾವೇ ನೀರು ಬಿಡುವ ಆಳು, ಬೆಳೆ ಕಾಯುವ ಆಳು, ಊರ ನಿಧಿ ಎಲ್ಲ ಇಟ್ಟುಕೊಂಡಿದ್ದವು. ಪಕ್ಕದ ಊರಿನಲ್ಲಿ ಏನೂ ಇರಲಿಲ್ಲ. ಅವರು ಕಂಡ ಕಾರಣ ಆದರ್ಶವೂ ಅಲ್ಲ, ಸಂಸ್ಕೃತಿಯೂ ಅಲ್ಲ. ಕಾಲುವೆಯ ಕೊನೆಯಂಚಿನಲ್ಲಿ ನೀರು ಬರುವ ಭರವಸೆ ಕಡಿಮೆ, ನಷ್ಟದ ಭಯ ಹೆಚ್ಚು. ಅಲ್ಲಿ ಸಂಘಟನೆ ಹುಟ್ಟುತ್ತದೆ.

ಈ ಹೊಲಮಟ್ಟದ ಅಧ್ಯಯನಗಳನ್ನೆಲ್ಲ ಒಂದು ಚೌಕಟ್ಟಿಗೆ ತಂದವರು ಎಲಿನೋರ್ ಆಸ್ಟ್ರಂ. ಅವರು ಕಲಿತದ್ದು ರಾಜ್ಯಶಾಸ್ತ್ರ. 1990ರ ಅವರ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿ, ಸ್ಪೇನಿನ ನೀರಾವರಿ ಕಾಲುವೆಗಳು, ಜಪಾನಿನ ಗುಡ್ಡಗಾಡುಗಳು ಬರುತ್ತವೆ. ಶತಮಾನಗಟ್ಟಲೆ ಬಾಳಿದ ಕಡೆಗಳಲ್ಲಿ ಯಾರಿಗೆ ಹಕ್ಕು ಎಂಬ ಗಡಿ ಸ್ಪಷ್ಟ, ನಿಯಮ ಸ್ಥಳಕ್ಕೆ ತಕ್ಕದ್ದು, ಬದಲಿಸುವಲ್ಲಿ ಬಳಕೆದಾರರಿಗೆ ಮಾತಿದೆ, ಕಾವಲು ಅವರದೇ, ಮೊದಲ ತಪ್ಪಿಗೆ ಸಣ್ಣ ದಂಡ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಬೆಂಗಳೂರಿನ ಕೆರೆಗಳ ಬಗ್ಗೆ ಹರಿಣಿ ನಾಗೇಂದ್ರ ಅವರೊಡನೆ ಬರೆದ ಲೇಖನ ಆಸ್ಟ್ರಂ ತೀರಿಕೊಂಡ ಮೇಲೆ, 2014ರಲ್ಲಿ ಪ್ರಕಟವಾಯಿತು.

ಆಸ್ಟ್ರಂ ಸೂತ್ರಗಳಿಗೆ ಹೊಂದುವ ಊರಿಗಾಗಿ ಟೋರ್ಬೆಲ್‌ವರೆಗೆ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಕುಮಟಾ ಬಳಿಯ ಹಳಕಾರದಲ್ಲಿ 1920ರ ದಶಕದಿಂದ ಗ್ರಾಮ ಅರಣ್ಯ ಪಂಚಾಯ್ತಿ ಇದೆ. ಕಾಡಿಗೆ ಕಾವಲುಗಾರನಿಟ್ಟು, ಸೌದೆಗೆ ಸರದಿ ಹಚ್ಚಿ ನಡೆದ ಪಂಚಾಯ್ತಿ ಅದು. ಸರಕಾರ ಇಂಥವನ್ನು ರದ್ದು ಮಾಡಹೊರಟಾಗ ಊರವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಆದರೆ ಹಳೆಯದನ್ನೆಲ್ಲ ಬಂಗಾರ ಎನ್ನುವ ಚಟಕ್ಕೂ ಈ ಕ್ಷೇತ್ರದಲ್ಲಿ ಬೇಗನೇ ಉತ್ತರ ಬಂತು. ಇಶಾ ಶಾ 2003ರ ಪುಸ್ತಕದಲ್ಲೂ ಮುಂದಿನ ಬರಹಗಳಲ್ಲೂ ಕರ್ನಾಟಕದ ಕೆರೆಗಳ ಹಿಂದೆ ಇದ್ದ ಜಾತಿಯ ಬಲ, ಬಿಟ್ಟಿ ದುಡಿಮೆ, ಹಿಂಸೆಗಳನ್ನು ಎತ್ತಿ ತೋರಿಸಿದರು. ಅದಕ್ಕೆ ಅವರು ಬಳಸಿದ ಸಾಕ್ಷ್ಯಗಳಲ್ಲಿ ಜನಪದ ಹಾಡುಗಳೂ ಇವೆ. 'ಕೆರೆಗೆ ಹಾರ' ಜನಪದ ಹಾಡು ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಚ್ಚರಿಯ ಮಾತಲ್ಲ. ಆ ಕಥೆಯಲ್ಲಿ ಕೆರೆ ಇಡೀ ಊರಿಗೆ, ಅದಕ್ಕೆ ಜೀವದ ಬೆಲೆ ತೆರುವವಳು ಕಿರಿಯ ಸೊಸೆ ಭಾಗೀರಥಿ ಒಬ್ಬಳೇ. ಸಾರ್ವಜನಿಕ ಸರಕಿನ ಖರ್ಚನ್ನು ಹಂಚುವ ಬಗೆಗೆ ಅದಕ್ಕಿಂತ ಕಟುವಾದ ವಿಮರ್ಶೆ ಅರ್ಥಶಾಸ್ತ್ರದ ಯಾವ ಪಠ್ಯದಲ್ಲೂ ಇಲ್ಲ.

ಹೊಸ ಸಹಸ್ರಮಾನದಲ್ಲಿ ಸಿದ್ಧಾಂತ ಯೋಜನೆಯಾಗಿ ಹಾವೇರಿ ಜಿಲ್ಲೆಗೆ ಮರಳಿತು. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಸುಜಲ ಜಲಾನಯನ, 2002ರಲ್ಲಿ ಜಲ ಸಂವರ್ಧನೆ ಯೋಜನೆ ಶುರುವಾದವು. ಎರಡರಲ್ಲೂ ಹಾವೇರಿ ಸೇರಿತ್ತು. ಹೂಳೆತ್ತುವುದು, ತೂಬು-ಕೋಡಿ ದುರಸ್ತಿ, ಜತೆಗೆ ಬಳಕೆದಾರರ ಸಂಘ. ಕಾಗದದ ಮೇಲೆ ಇದು ಆಸ್ಟ್ರಂ ಸೂತ್ರವೇ. ಆದರೆ ಹಣ ಬಂತೆಂದು ಹುಟ್ಟಿದ ಸಂಘಕ್ಕೂ ನೀರಿನ ಕೊರತೆಯಿಂದ ಹುಟ್ಟಿದ ಸಂಘಕ್ಕೂ ವ್ಯತ್ಯಾಸವಿದೆ; ವೇಡ್ ಅದನ್ನು ಮೊದಲೇ ಹೇಳಿದ್ದರು. ಅಲ್ಲದೆ ಕೆರೆಯ ಯಜಮಾನಿಕೆಯೇ ಚೂರುಚೂರು: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನದು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯತ್ ಸಂಸ್ಥೆಗಳಿಗೆ, ಮೀನಿನ ಹರಾಜು ಮತ್ತೊಬ್ಬರಿಗೆ.

ಗಾಯರಾಣದ ಕಥೆಯೂ ಅಷ್ಟೇ ಗೋಜಲು. ನೂರು ದನಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮ ಹೇಳುತ್ತದೆ. ಕಂದಾಯ ಇಲಾಖೆಯೇ 1991ರಿಂದ ಬಗರ್‌ಹುಕುಂ ಸಾಗುವಳಿ ಸಕ್ರಮಕ್ಕೆ ಅರ್ಜಿ ತೆಗೆದುಕೊಳ್ಳುತ್ತ ಬಂದಿದೆ: ಮೊದಲು ಫಾರಂ 50, ಆಮೇಲೆ 53, ಆಮೇಲೆ 57. ಅರ್ಜಿ ಹಾಕಿದವರಲ್ಲಿ ಬೇರೆ ತುಂಡು ಭೂಮಿಯೇ ಇಲ್ಲದವರೂ ಇದ್ದಾರೆ, ಆದ್ದರಿಂದ ಇದನ್ನು ಬರಿಯ ಒತ್ತುವರಿ ಎಂದು ತಳ್ಳಿಹಾಕುವುದು ಅನ್ಯಾಯ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರೊಟ್ಟಿನ ಭೂಮಿಯ ಅಕ್ರಮ ಒತ್ತುವರಿ ತೆರವಿಗೆ ರಾಜ್ಯಗಳು ಯೋಜನೆ ಮಾಡಬೇಕೆಂದಿತು. ಭೂಹೀನರಿಗೆ ಸರಕಾರವೇ ಕೊಟ್ಟ ಗುತ್ತಿಗೆಯಂಥವಕ್ಕೆ ವಿನಾಯಿತಿಯ ಬಾಗಿಲನ್ನೂ ಇಟ್ಟಿತು. ಊರೊಟ್ಟಿನ ನೆಲ ಉಳಿಯಬೇಕು, ಭೂಹೀನರಿಗೆ ನೆಲ ಸಿಗಬೇಕು: ಈ ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಅರ್ಥಶಾಸ್ತ್ರಕ್ಕೆ ಇನ್ನೂ ಸಿಕ್ಕಿಲ್ಲ.

ಈಗ ಸಂಶೋಧನೆಯ ದೃಷ್ಟಿ ನೆಲದೊಳಗೆ ಇಳಿದಿದೆ. 1882ರ ಈಸ್‌ಮೆಂಟ್ (ಅನುಭೋಗ ಹಕ್ಕು) ಕಾಯಿದೆಯ ಪ್ರಕಾರ ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತುವ ಹಕ್ಕು ಜಮೀನಿನ ಒಡೆಯನದು. ನೀರಿಗೆ ಮಾತ್ರ ಸರ್ವೆ ನಂಬರ್ ಗೊತ್ತಿಲ್ಲ. ಒಬ್ಬನ ಕೊಳವೆಬಾವಿ ಪಕ್ಕದವನದನ್ನು ಹೇಗೆ ಒಣಗಿಸುತ್ತದೆ, ಆ ನಷ್ಟ ಎಷ್ಟು ಎಂಬುದನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ.ಜಿ. ಚಂದ್ರಕಾಂತ್ ಮತ್ತು ಸಂಗಡಿಗರು 1990ರ ದಶಕದಿಂದ ಲೆಕ್ಕಹಾಕಿದ್ದಾರೆ. 10 ಎಚ್‌ಪಿವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ, ಹೀಗಾಗಿ ಎತ್ತುವವನಿಗೆ ಕಡಿವಾಣವಾಗಬಲ್ಲ ಬೆಲೆಯೂ ಇಲ್ಲ.

ಆಸ್ಟ್ರಂ 1965ರಲ್ಲಿ ಡಾಕ್ಟರೇಟ್ ಪಡೆದದ್ದೂ ಅಂತರ್ಜಲದ ಮೇಲೆಯೇ. ಲಾಸ್ ಏಂಜಲೀಸಿನ ವೆಸ್ಟ್ ಬೇಸಿನ್‌ನಲ್ಲಿ ಪಂಪುಗಳ ಒಡೆಯರು ನ್ಯಾಯಾಲಯದ ಮುಂದೆ ಕೂತು, ಪ್ರತಿಯೊಬ್ಬರ ಬಳಕೆ ಅಳೆದು, ಇಷ್ಟಿಷ್ಟು ಕಡಿಮೆ ಎತ್ತುತ್ತೇವೆಂದು ಒಪ್ಪಿಕೊಂಡ ಕಥೆ ಅದು. ಅಲ್ಲಿ ಇದ್ದದ್ದು ಕೆಲವು ನೂರು ಬಳಕೆದಾರರು, ಹೆಚ್ಚಿನವರು ನಗರಸಭೆಗಳು, ಕಂಪನಿಗಳು. ಹಾವೇರಿ ಜಿಲ್ಲೆಯಲ್ಲಿ ಪ್ರತಿ ಊರಿನಲ್ಲೂ ಕೊಳವೆಬಾವಿಗಳು, ಪ್ರತಿಯೊಂದಕ್ಕೂ ಒಬ್ಬ ಸಣ್ಣ ಹಿಡುವಳಿದಾರ, ಮೀಟರ್ ಇಲ್ಲ.

ಇದರ ನಡುವೆ ನದಿನೀರನ್ನು ಎತ್ತಿ ಕೆರೆ ತುಂಬಿಸುವ ಯೋಜನೆಗಳು ಬಂದಿವೆ. ಹಾನಗಲ್ ತಾಲ್ಲೂಕಿಗೆ ವರದೆಯ ನೀರು ತರುವ ಬಾಳಂಬೀಡ ಏತ ನೀರಾವರಿ ಅವುಗಳಲ್ಲೊಂದು. ತುಂಬಿದ ಕೆರೆಯಿಂದ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ. ಹಾಗಾದಾಗ ತೂಬಿನ ನೀರಿಗೆ ಕಾಯುವವರು ಕಡಿಮೆಯಾಗುತ್ತಾರೆ, ಕಾಲುವೆ ಸ್ವಚ್ಛ ಮಾಡಲು ಬರುವವರೂ ಕಡಿಮೆಯಾಗುತ್ತಾರೆ. ನೀರೆತ್ತುವ ಪಂಪುಗಳ ಕರೆಂಟ್ ಬಿಲ್ಲು ಸರಕಾರದ್ದು, ಕೆರೆಯ ಹೂಳು ಊರಿನದು, ಕೊಳವೆಬಾವಿಯ ಬೆಳೆ ಅದು ಇದ್ದವರದು.