ತಾರೀಖಿನ ಗೆರೆ: ಮೇಷ್ಟ್ರುಗಳ ಪಿಂಚಣಿಯ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. 2007ರಲ್ಲಿ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಗಣಿತ ಶಿಕ್ಷಕನಾಗಿ ಸೇರಿದವನು. ತಾಯಿ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಸ್ವಯಂ ನಿವೃತ್ತಿ ಪಡೆದರೆ ಹೇಗೆ ಎಂಬುದು ಅವನ ಚಿಂತೆ. "ಸರ್, ತಾವೂ ಒಮ್ಮೆ ಆ ಅರ್ಜಿಯನ್ನು ಬರೆದಿದ್ದಿರಂತೆ, ಹೌದೇ?" ಎಂದು ಕೇಳಿದನು. ಹೌದು, ಬರೆದಿದ್ದೆ. ಆದರೆ ನನ್ನ ಅರ್ಜಿಗೂ ಅವನ ಅರ್ಜಿಗೂ ಇರುವ ಅಂತರವನ್ನು ಹೇಳಬೇಕಾದರೆ ನಮ್ಮ ತಂದೆಯವರ ಕಾಲದಿಂದಲೇ ಆರಂಭಿಸಬೇಕಾಗುತ್ತದೆ.

ನಮ್ಮ ತಂದೆಯವರು ಧಾರವಾಡ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮತ್ತು ಇತಿಹಾಸವನ್ನು ಕಲಿಸುತ್ತಿದ್ದರು. 1961ರಲ್ಲಿ ನಿವೃತ್ತರಾದಾಗ ಅವರ ಕೈಗೆ ಬಂದದ್ದು ಒಂದು ಹಾರ, ಒಂದು ಶಾಲು ಮತ್ತು ಪ್ರಾವಿಡೆಂಟ್ ಫಂಡಿನ ಆರು ಸಾವಿರ ಚಿಲ್ಲರೆ ರೂಪಾಯಿ. ಅಕ್ಕನ ಮದುವೆ ಮತ್ತು ಮನೆಯ ಮಾಳಿಗೆಯ ದುರಸ್ತಿಯಲ್ಲಿ ಆ ಇಡುಗಂಟು ಎರಡೇ ವರ್ಷಗಳಲ್ಲಿ ಕರಗಿತು. ಅನಂತರ ಅವರು ಇಪ್ಪತ್ತೊಂದು ವರ್ಷ ಬದುಕಿದರು. ಪಕ್ಕದ ಬೀದಿಯ ಸರ್ಕಾರಿ ಶಾಲೆಯ ಮೇಷ್ಟ್ರು ಪ್ರತಿ ತಿಂಗಳೂ ಕೋಟು ತೊಟ್ಟು ಖಜಾನೆಗೆ ಹೋಗಿ ಪಿಂಚಣಿ ತರುತ್ತಿದ್ದರು. ಕಲಿಸಿದ ಪಾಠ ಒಂದೇ, ಪಠ್ಯಪುಸ್ತಕವೂ ಒಂದೇ.

ಈ ಅನ್ಯಾಯವು ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದಲ್ಲ. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಲ್ಲಿ ಸಲ್ಲಿಸಿದ ವರದಿಯಲ್ಲಿ, ಶಿಕ್ಷಕರಿಗೆ ಪಿಂಚಣಿ, ಭವಿಷ್ಯನಿಧಿ, ವಿಮೆ ಈ ಮೂರನ್ನೂ ಕೂಡಿಸಿದ ತ್ರಿವಿಧ ಸೌಲಭ್ಯ ಯೋಜನೆಯನ್ನು ಶಿಫಾರಸು ಮಾಡಿತ್ತು. ಮೊದಲಿಯಾರರು ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳು. ಅವರ ಸೂಚನೆಯನ್ನು ಮೊದಲು ಕೈಗೆತ್ತಿಕೊಂಡದ್ದು ಮದರಾಸು ರಾಜ್ಯವೇ, 1955ರಲ್ಲಿ. ನಮ್ಮ ಮೈಸೂರು ರಾಜ್ಯದಲ್ಲಿ ಅದು ಜಾರಿಗೆ ಬಂದದ್ದು 1963ರಲ್ಲಿ. ನಮ್ಮಲ್ಲಿ ಹಿರಿಯರು ಅದನ್ನು 'ಟ್ರಿಪಲ್ ಬೆನಿಫಿಟ್' ಎಂದೇ ಕರೆಯುತ್ತಿದ್ದರು. ತಂದೆಯವರು ಎರಡು ವರ್ಷ ಮೊದಲೇ ನಿವೃತ್ತರಾಗಿದ್ದರು. ಅವರು ಇದನ್ನು ಕುರಿತು ಒಮ್ಮೆಯೂ ಗೊಣಗಿದವರಲ್ಲ. ಗೊಣಗಿದವಳು ನಮ್ಮ ತಾಯಿ. ತಂದೆಯವರು 1982ರಲ್ಲಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಎಂಬುದೂ ಅವಳಿಗೆ ಇರಲಿಲ್ಲ.

ಅದೇ 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಡಿ. ಎಸ್. ನಕಾರಾ ಅವರ ಪ್ರಕರಣದಲ್ಲಿ ತೀರ್ಪು ನೀಡಿತು. ಕೇಂದ್ರ ಸರ್ಕಾರವು ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿ, 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಅದು ಸಲ್ಲುತ್ತದೆ ಎಂದಿತ್ತು. ಹಾಗೆ ತಾರೀಖಿನ ಗೆರೆ ಎಳೆದು ಪಿಂಚಣಿದಾರರನ್ನು ಎರಡು ಪಂಗಡ ಮಾಡಬಾರದೆಂದು ನ್ಯಾಯಾಲಯ ಹೇಳಿತು. ಪಿಂಚಣಿಯು ದೊರೆಯ ದಯಾಭಿಕ್ಷೆಯಲ್ಲ, ದುಡಿದವನ ಹಕ್ಕು ಎಂಬ ಮಾತನ್ನು ಅದೇ ನ್ಯಾಯಾಲಯವು 1971ರಲ್ಲಿಯೇ ಆಡಿತ್ತು. ಆ ಮೊಕದ್ದಮೆ ಹೂಡಿದ ದೇವಕೀನಂದನ ಪ್ರಸಾದರು ಬಿಹಾರದ ಶಿಕ್ಷಣ ಇಲಾಖೆಯವರೆಂಬುದನ್ನು ನಾನು ತರಗತಿಯಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಡಿಸೆಂಬರ್ 17ನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಆದರೆ ನಕಾರಾ ತೀರ್ಪು ನಮ್ಮ ತಂದೆಯವರಂಥವರಿಗೆ ದಾರಿಯಾಗಲಿಲ್ಲ. ಪ್ರಾವಿಡೆಂಟ್ ಫಂಡ್ ಪಡೆದು ಹೊರಬಿದ್ದವರೂ ಪಿಂಚಣಿದಾರರೂ ಒಂದೇ ವರ್ಗಕ್ಕೆ ಸೇರಿದವರಲ್ಲವೆಂದು 1990ರಲ್ಲಿ ಕೃಷ್ಣಕುಮಾರ್ ಎಂಬ ರೈಲ್ವೆ ನಿವೃತ್ತರ ಪ್ರಕರಣದಲ್ಲಿ ಸಂವಿಧಾನ ಪೀಠವೇ ಹೇಳಿತು. ಫಂಡು ಕೊಟ್ಟ ದಿನಕ್ಕೆ ಸರ್ಕಾರದ ಋಣ ಮುಗಿಯಿತು ಎಂಬುದು ಅದರ ಸಾರ. ಕಾನೂನಿನಲ್ಲಿ ಅದು ಸರಿಯಿರಬಹುದು. ಇಪ್ಪತ್ತೊಂದು ವರ್ಷ ಮುಗಿಯದೆ ಇದ್ದದ್ದನ್ನು ನಾನು ಮನೆಯಲ್ಲಿ ಕಂಡಿದ್ದೆ.

ಆಯ್ಕೆಯ ಅವಕಾಶ ದೊರೆತವರ ಕಥೆ ಬೇರೆ. 1987ರ ಮೇ 1ರಂದು ಕೇಂದ್ರ ಸರ್ಕಾರವು ತನ್ನ ಫಂಡುದಾರ ನೌಕರರೆಲ್ಲರನ್ನೂ ಪಿಂಚಣಿಗೆ ಬದಲಾಯಿಸುವ ಆದೇಶ ಹೊರಡಿಸಿತು. ಹಳೆಯ ಫಂಡಿನಲ್ಲಿಯೇ ಉಳಿಯಬೇಕೆನ್ನುವವರು ಸೆಪ್ಟೆಂಬರ್ 30ರೊಳಗೆ ಬರೆದು ಕೊಡಬೇಕಿತ್ತು. ಸುಮ್ಮನಿದ್ದವರು ಪಿಂಚಣಿಗೆ ಸೇರಿದರೆಂದೇ ಅರ್ಥ. ಇದು ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ಅನ್ವಯವಾಯಿತು. ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನ್ನ ದೊಡ್ಡಪ್ಪನ ಮಗನು ಫಂಡನ್ನೇ ಆಯ್ದುಕೊಂಡನು. ಲೆಕ್ಕದಲ್ಲಿ ಅವನು ದಡ್ಡನಲ್ಲ. ಆಗ ಫಂಡಿಗೆ ಶೇಕಡ 12ರ ಬಡ್ಡಿ ಬರುತ್ತಿತ್ತು. ಹಣ ಆರೇಳು ವರ್ಷಕ್ಕೆ ಇಮ್ಮಡಿಯಾಗುವಾಗ ತಿಂಗಳ ಪಿಂಚಣಿ ಯಾರಿಗೆ ಬೇಕು? ಆದರೆ 2000ದಿಂದ ಬಡ್ಡಿ ಇಳಿಯಲಾರಂಭಿಸಿ 2003ರ ಹೊತ್ತಿಗೆ ಶೇಕಡ 8ಕ್ಕೆ ಬಂದಿತು. ಪಿಂಚಣಿಯಾದರೋ ತುಟ್ಟಿಭತ್ಯೆಯೊಡನೆ ಏರುತ್ತಲೇ ಹೋಯಿತು, ವೇತನ ಆಯೋಗ ಬಂದಾಗಲೆಲ್ಲ ಪರಿಷ್ಕರಣೆಯೂ ಆಯಿತು. ದೆಹಲಿಯ ಅಧ್ಯಾಪಕರು ಈ ಆಯ್ಕೆಯ ವಿಷಯವಾಗಿ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2022ರ ಮೇ ತಿಂಗಳಲ್ಲಿ, ಆ ಆದೇಶಕ್ಕೆ ಮೂವತ್ತೈದು ವರ್ಷ ತುಂಬಿದಾಗ. ನನ್ನ ಅಣ್ಣನು ಅಷ್ಟು ದಿನ ಉಳಿಯಲಿಲ್ಲ.

ಈಗ ನನ್ನ ಅರ್ಜಿಯ ವಿಷಯ. ನಾನು 1969ರಲ್ಲಿ ಸರ್ಕಾರಿ ಸೇವೆಗೆ ಸೇರಿದವನು. ಖಾಸಗಿ ಶಾಲೆಗೆ ಹೋಗಬೇಡವೆಂದು ತಂದೆಯವರು ಹೇಳಿದ್ದು ಆ ಒಂದೇ ಸಲ. 1991ರಲ್ಲಿ ಮೇಲಧಿಕಾರಿಯೊಬ್ಬರೊಡನೆ ಮನಸ್ತಾಪವಾಗಿ, ಒಂದು ರಾತ್ರಿ ಕುಳಿತು ಮೂರು ತಿಂಗಳ ನೋಟಿಸ್ ಬರೆದೆ. ನಾಗರಿಕ ಸೇವಾ ನಿಯಮಗಳಲ್ಲಿ 285ನೆಯದು ಇದಕ್ಕಾಗಿಯೇ ಇದೆ. ಈಗ ಅದರಂತೆ ಹದಿನೈದು ವರ್ಷಗಳ ಅರ್ಹ ಸೇವೆ ಅಥವಾ ಐವತ್ತು ವರ್ಷ ವಯಸ್ಸು ತುಂಬಿದವರು ಸ್ವಇಚ್ಛೆಯಿಂದ ನಿವೃತ್ತರಾಗಬಹುದು. ಬೆಳಿಗ್ಗೆ ನನ್ನ ಪತ್ನಿ ಒಂದು ಕಾಗದದ ಚೂರಿನ ಮೇಲೆ ಲೆಕ್ಕ ಮಾಡಿ ಮುಂದಿಟ್ಟಳು. ಆಗ ಪೂರ್ಣ ಪಿಂಚಣಿಗೆ 33 ವರ್ಷಗಳ ಸೇವೆ ಬೇಕಿತ್ತು, ನನ್ನದು 22. ಅಂದರೆ ಸಂಬಳದ ಅರ್ಧದಲ್ಲಿ ಮೂರನೆಯ ಎರಡು ಭಾಗ, ಹೆಚ್ಚುಕಡಿಮೆ ಸಂಬಳದ ಮೂರನೆಯ ಒಂದು ಪಾಲು. ಇಬ್ಬರು ಮಕ್ಕಳು ಹೈಸ್ಕೂಲಿನಲ್ಲಿ. ಅರ್ಜಿಯನ್ನು ಮಡಿಸಿ ಟ್ರಂಕಿನೊಳಗೆ ಇಟ್ಟೆ. 2004ರಲ್ಲಿ ಐವತ್ತೆಂಟು ತುಂಬಿದಾಗ ಎಲ್ಲರಂತೆ ನಿವೃತ್ತನಾದೆ. ಮೂರನೆಯ ಒಂದು ಪಾಲಾದರೂ ಅದು ಖಚಿತವಾದ ಪಾಲು, ನನ್ನ ಅನಂತರ ಅವಳಿಗೂ ಒಂದಿಷ್ಟು ಬರುವಂಥದು ಎಂಬುದು ಆ ದಿನ ನನಗೆ ದೊಡ್ಡದಾಗಿ ಕಾಣಲಿಲ್ಲ.

ನನ್ನ ವಿದ್ಯಾರ್ಥಿಗೂ 285ನೆಯ ನಿಯಮ ಉಂಟು, ಸೇವೆಯೂ ಸಾಕಷ್ಟಾಗಿದೆ. ಆದರೆ 2006ರ ಏಪ್ರಿಲ್ 1ರಂದು ಕರ್ನಾಟಕವು ಹೊಸದೊಂದು ಗೆರೆ ಎಳೆಯಿತು. ಅಂದಿನಿಂದ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ಸಂಬಳದಿಂದ ಕಡಿತವಾದ ಹಣವೂ ಸರ್ಕಾರದ ವಂತಿಗೆಯೂ ಎನ್‌ಪಿಎಸ್ ಖಾತೆಗೆ ಸೇರಿ ಮಾರುಕಟ್ಟೆಯಲ್ಲಿ ಬೆಳೆಯಬೇಕು. 2015ರ ನಿಯಮಗಳ ಪ್ರಕಾರ ಅವಧಿಗೆ ಮುನ್ನ ಹೊರಬರುವ ಸರ್ಕಾರಿ ನೌಕರನು ಕೂಡಿದ ಹಣದ ಶೇಕಡ 80ರಷ್ಟಕ್ಕೆ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಕೈಗೆ ಬರುವುದು ಶೇಕಡ 20 ಮಾತ್ರ. ಆ ವರ್ಷಾಶನಕ್ಕೆ ತುಟ್ಟಿಭತ್ಯೆಯ ಮಾತೇ ಇಲ್ಲ. ಗೆರೆಗೆ ಮುನ್ನ ಅಧಿಸೂಚನೆಯಾಗಿ, ಅನಂತರ ಸೇರಿದ ಸುಮಾರು 13 ಸಾವಿರ ನೌಕರರನ್ನು ಸರ್ಕಾರವು 2024ರ ಜನವರಿಯಲ್ಲಿ ಹಳೆಯ ಪಿಂಚಣಿಗೆ ಸೇರಿಸಿಕೊಳ್ಳಲು ಒಪ್ಪಿತು. ಇವನ ಅಧಿಸೂಚನೆ ಗೆರೆಯ ಆಚೆಯದು. ಕೆಲವೇ ತಿಂಗಳು ಆಚೆ.

ನಾನು ಅವನಿಗೆ ರಾಜೀನಾಮೆ ಬೇಡ, ಮೊದಲು ಉಳಿದಿರುವ ರಜೆಯ ಲೆಕ್ಕ ಹಾಕು, ಊರಿನ ಹತ್ತಿರಕ್ಕೆ ವರ್ಗಾವಣೆ ಕೇಳು ಎಂದೆ. ಖಾತೆಯಲ್ಲಿ ಎಷ್ಟು ಕೂಡಿದೆ, ತಿಂಗಳಿಗೆ ಎಷ್ಟು ಬಂದೀತು ಎಂಬುದನ್ನು ಬರೆಸಿಕೊಂಡು ಬಾ ಎಂದೂ ಹೇಳಿದೆ. ನನ್ನ ಪತ್ನಿ ಒಳಗಿನಿಂದ ಕಾಗದ, ಪೆನ್ಸಿಲ್ಲು ತಂದಳು. ಬರುವ ಭಾನುವಾರ ಸರ್ವಿಸ್ ರಿಜಿಸ್ಟರಿನ ಪ್ರತಿಯೊಡನೆ ಅವನು ಮತ್ತೆ ಬರುತ್ತಾನೆ.